ಮನೆಯ ಅಕ್ವೇರಿಯಂನಲ್ಲಿ ಸಿಕ್ಲಿಡ್ ಮೀನುಗಳ ಸಾವು: ಕಾರಣ ಪತ್ತೆ ಮತ್ತು ಕೈಗೊಳ್ಳಬೇಕಾದ ಕ್ರಮಗಳು

(ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಫ್ಲವರ್ ಹಾರ್ನ್, ಆಸ್ಕರ್, ಏಂಜೆಲ್, ಡಿಸ್ಕಸ್ ಹಾಗೂ ಆಫ್ರಿಕಾದ ಮಲಾವಿ ಸರೋವರದ ಬಣ್ಣದ ಮೀನುಗಳು ಸಿಕ್ಲಿಡ್ ಕುಟುಂಬಕ್ಕೆ ಸೇರಿದವು. ಈ ಮೀನುಗಳನ್ನು ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕುವವರಿಗೆ ಎದುರಾಗುವ ಮುಖ್ಯ ತೊಂದರೆ ಎಂದರೆ ಮೈಮೇಲೆ ಗಾಯವಾಗಲಿ, ರೋಗದ ಗುರುತಾಗಲಿ ಇಲ್ಲದೆ ಮೀನುಗಳು ಸಾಯುವುದು. ಇಂತಹ ಸಂದರ್ಭದಲ್ಲಿ ಸಾಮಾನ್ಯವಾಗಿ ರೋಗವೆಂದು ಭಾವಿಸಿ ಔಷಧಿ ಹಾಕಲಾಗುತ್ತದೆ. ಆದರೆ ಕಾರಣ ತಿಳಿಯದ ಸಾವುಗಳಲ್ಲಿ ಹೆಚ್ಚಿನವು ನೀರಿನ ಗುಣದಲ್ಲಿ ಉಂಟಾಗುವ ಬದಲಾವಣೆಗೆ ಸಂಬಂಧಿಸಿರುತ್ತವೆ. ಆದ್ದರಿಂದ ಔಷಧಿಗೆ ಮೊದಲು ನೀರಿನ ಪರೀಕ್ಷೆ ನಡೆಸುವುದು ಅವಶ್ಯ.

ಸ್ಥಳೀಯ ನೀರಿನ ಗುಣ

2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿದ ಈ ಐದು ತಾಲ್ಲೂಕುಗಳಲ್ಲಿ ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ತುಂಗಭದ್ರಾ ನದಿಯ ದಂಡೆಯಲ್ಲಿವೆ. ಉಳಿದಂತೆ ಈ ಒಣ ಪ್ರದೇಶದಲ್ಲಿ ಕೊಳವೆ ಬಾವಿಯ ಬಳಕೆ ಅಧಿಕ. ಕೊಳವೆ ಬಾವಿಯ ನೀರು ಸಾಮಾನ್ಯವಾಗಿ ಗಡಸಾಗಿದ್ದು, ಕ್ಷಾರ ಗುಣವನ್ನು ಹೊಂದಿರುತ್ತದೆ. ಅಂತರ್ಜಲದಲ್ಲಿನ ಫ್ಲೋರೈಡ್ ಮತ್ತು ಲವಣಾಂಶದ ಕಾರಣ ಅನೇಕ ಗ್ರಾಮಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳನ್ನು ಸ್ಥಾಪಿಸಲಾಗಿದೆ. ಹೀಗಾಗಿ ಒಂದೇ ಮನೆಯಲ್ಲಿ ಎರಡು, ಮೂರು ಬಗೆಯ ನೀರು ದೊರೆಯುತ್ತದೆ. ಇವುಗಳನ್ನು ಅಳತೆ ಇಲ್ಲದೆ ಬದಲಿಸಿ ಬಳಸುವುದೇ ಮೀನುಗಳ ಸಾವಿಗೆ ಕಾರಣವಾಗಬಹುದು.

ಮಲಾವಿ ಸರೋವರದ ಮೀನುಗಳಿಗೆ ಗಡಸು, ಕ್ಷಾರೀಯ ನೀರು ಒಗ್ಗುತ್ತದೆ. ಅಮೆಜಾನ್ ನದಿ ಪ್ರದೇಶದ ಡಿಸ್ಕಸ್ ಮೀನಿಗೆ ಮೆದು ನೀರು ಬೇಕು. ಇವೆರಡನ್ನೂ ಒಂದೇ ತೊಟ್ಟಿಯಲ್ಲಿ ಸಾಕಬಾರದು. (ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಮಾಲವಿ ಜಲಾಶಯಕ್ಕೂ ಆಫ್ರಿಕಾದ ಮಲಾವಿ ಸರೋವರಕ್ಕೂ ಇರುವುದು ಹೆಸರಿನ ಹೋಲಿಕೆ ಮಾತ್ರ.)

ಅಮೋನಿಯಾ ವಿಷವಾಗುವ ಬಗೆ

ಮೀನಿನ ವಿಸರ್ಜನೆ ಹಾಗೂ ತಿನ್ನದೆ ಉಳಿದ ಆಹಾರದಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಫಿಲ್ಟರಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿಯೂ ನಂತರ ಕಡಿಮೆ ಅಪಾಯದ ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳು ಬೆಳೆಯಲು ಸುಮಾರು 4ರಿಂದ 6 ವಾರ ಬೇಕು. ಈ ಅವಧಿಗೆ ಮುನ್ನವೇ ಹೆಚ್ಚು ಮೀನು ಬಿಟ್ಟಲ್ಲಿ ಅವು ಒಂದೊಂದಾಗಿ ಸಾಯುತ್ತವೆ.

ನೀರಿನಲ್ಲಿರುವ ಒಟ್ಟು ಅಮೋನಿಯಾದ ಒಂದು ಭಾಗ ಮಾತ್ರ ಮೀನಿಗೆ ಅತಿ ವಿಷಕಾರಿ. ಈ ಭಾಗ ಎಷ್ಟೆಂಬುದನ್ನು ರಸಸಾರ (ಪಿಹೆಚ್) ಮತ್ತು ಉಷ್ಣಾಂಶ ನಿರ್ಧರಿಸುತ್ತವೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ವಿಷಕಾರಿ ಭಾಗವು ಈ ಕೆಳಗಿನಂತಿರುತ್ತದೆ:

ರಸಸಾರ 7 ಇದ್ದಾಗ – ಶೇ. 0.6ರಷ್ಟು
ರಸಸಾರ 8 ಇದ್ದಾಗ – ಶೇ. 5ಕ್ಕಿಂತ ಸ್ವಲ್ಪ ಅಧಿಕ
ರಸಸಾರ 8.5 ಇದ್ದಾಗ – ಶೇ. 15ರಷ್ಟು

ಉಷ್ಣಾಂಶ ಏರಿದಂತೆ ಈ ಪ್ರಮಾಣವೂ ಏರುತ್ತದೆ. ಆದ್ದರಿಂದ ಮೆದು ನೀರಿನ ಊರಿನಲ್ಲಿ ಅಷ್ಟಾಗಿ ಬಾಧಿಸದ ಅಮೋನಿಯಾ, ಗಡಸು ಕ್ಷಾರೀಯ ನೀರಿನಲ್ಲಿ, ಅದರಲ್ಲಿಯೂ ಬೇಸಿಗೆಯಲ್ಲಿ, ಮೀನುಗಳನ್ನು ಕೊಲ್ಲಬಲ್ಲದು.

ನೀರು ಬದಲಿಸಿದ ನಂತರ ಮೀನು ಸಾಯುವುದೇಕೆ?

ಶುದ್ಧ ಕುಡಿಯುವ ನೀರಿನ ಘಟಕದ ನೀರು ಮೀನಿಗೂ ಉತ್ತಮವೆಂದು ತಿಳಿದು ತೊಟ್ಟಿಗೆ ಅದನ್ನೇ ತುಂಬಿಸುವುದುಂಟು. ಈ ನೀರಿನಲ್ಲಿ ಲವಣಾಂಶ ಬಹು ಕಡಿಮೆ ಇರುವುದರಿಂದ ರಸಸಾರವನ್ನು ಸ್ಥಿರವಾಗಿ ಹಿಡಿದಿಡುವ ಶಕ್ತಿ ಅದಕ್ಕಿರುವುದಿಲ್ಲ. ಬ್ಯಾಕ್ಟೀರಿಯಾಗಳ ಕೆಲಸದಿಂದ ಆಮ್ಲ ಉಂಟಾಗಿ, ಕೆಲವು ತಿಂಗಳಲ್ಲಿ ರಸಸಾರ 7ಕ್ಕಿಂತ ಕೆಳಗಿಳಿಯುತ್ತದೆ. ಆಗ ಬ್ಯಾಕ್ಟೀರಿಯಾಗಳ ಕೆಲಸ ನಿಧಾನಗೊಂಡು ಅಮೋನಿಯಾ ಸಂಗ್ರಹವಾಗುತ್ತದೆ. ರಸಸಾರ ಕಡಿಮೆ ಇರುವವರೆಗೆ ಅದರ ವಿಷ ತೋರುವುದಿಲ್ಲ.

ಇಂತಹ ತೊಟ್ಟಿಗೆ ಒಂದು ದಿನ ಅರ್ಧದಷ್ಟು ಕೊಳವೆ ಬಾವಿಯ ನೀರನ್ನು ಸುರಿದಲ್ಲಿ ಅಮೋನಿಯಾದ ಒಟ್ಟು ಪ್ರಮಾಣ ಅರ್ಧಕ್ಕೆ ಇಳಿದರೂ, ರಸಸಾರ 7ರಿಂದ 8ಕ್ಕೆ ಏರಿದಾಗ ಅದರ ವಿಷಕಾರಿ ಭಾಗ ಸುಮಾರು ಒಂಬತ್ತು ಪಟ್ಟಾಗುತ್ತದೆ. ಮೀನುಗಳು ಕೆಲವೇ ಗಂಟೆಗಳಲ್ಲಿ ಸಾಯಬಹುದು. ಸ್ವಚ್ಛ ನೀರು ಹಾಕಿದರೂ ಮೀನು ಸತ್ತಿತೆಂಬ ಪ್ರಶ್ನೆಗೆ ಇದು ಒಂದು ಮುಖ್ಯ ಉತ್ತರವಾಗಿದೆ.

ಲಕ್ಷಣದಿಂದ ಕಾರಣ ತಿಳಿಯುವ ಕ್ರಮ

1. ಎಲ್ಲ ಮೀನುಗಳೂ ಕೆಲವೇ ಗಂಟೆಗಳಲ್ಲಿ ಸತ್ತಿದ್ದಲ್ಲಿ: ಕ್ಲೋರಿನ್, ಆಮ್ಲಜನಕದ ಕೊರತೆ ಅಥವಾ ಹೊರಗಿನಿಂದ ಬಿದ್ದ ವಿಷವನ್ನು ಶಂಕಿಸತಕ್ಕದ್ದು. ಸೊಳ್ಳೆ ನಾಶಕ ಸಿಂಪರಣೆ ಮತ್ತು ಬೆಳೆಗೆ ಕೀಟನಾಶಕ ಸಿಂಪಡಿಸಿ ತೊಳೆಯದ ಕೈಗಳು ಇದಕ್ಕೆ ಕಾರಣವಾಗಬಹುದು. ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳು ಅತ್ಯಲ್ಪ ಪ್ರಮಾಣದಲ್ಲಿಯೂ ಮೀನಿಗೆ ಮಾರಕ.

2. ನಲ್ಲಿ ನೀರು ಹಾಕಿದ ಕೂಡಲೇ ಮೀನುಗಳು ಚಡಪಡಿಸಿದಲ್ಲಿ: ಕ್ಲೋರಿನ್ ಕಾರಣವಾಗಿರಬಹುದು. ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕೆಂಬುದು ಜನರ ಆರೋಗ್ಯಕ್ಕಾಗಿ ಇರುವ ಮಾನದಂಡ. ಇದು ಮೀನಿನ ಕಿವಿರಿಗೆ ಹಾನಿಕರ.

3. ಬೆಳಗಿನ ಜಾವ ಮೇಲ್ಮೈಯಲ್ಲಿ ಬಾಯಿ ತೆರೆದು ನಂತರ ಸತ್ತಿದ್ದಲ್ಲಿ: ಆಮ್ಲಜನಕದ ಕೊರತೆ. 25 ಡಿಗ್ರಿಯಲ್ಲಿ ಲೀಟರ್ ನೀರು ಸುಮಾರು 8 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟರೆ, 35 ಡಿಗ್ರಿಯಲ್ಲಿ 7 ಮಿಲಿಗ್ರಾಂಗಿಂತ ಕಡಿಮೆ ಹಿಡಿಯುತ್ತದೆ. ಆಗಷ್ಟೇ ಮೇಲೆತ್ತಿದ ಕೊಳವೆ ಬಾವಿಯ ನೀರಿನಲ್ಲಿಯೂ ಆಮ್ಲಜನಕ ಕಡಿಮೆ ಇರಬಹುದು.

4. ದಿನಕ್ಕೊಂದರಂತೆ ಸಾಯುತ್ತಿದ್ದು, ಕಿವಿರು ಕೆಂಪಾಗಿದ್ದಲ್ಲಿ: ಅಮೋನಿಯಾ. ಕಿವಿರು ಕಂದು ಬಣ್ಣವಾಗಿದ್ದಲ್ಲಿ: ನೈಟ್ರೈಟ್.

5. ವಿದ್ಯುತ್ ಕಡಿತದ ನಂತರ ಸತ್ತಿದ್ದಲ್ಲಿ: ಗಂಟೆಗಟ್ಟಲೆ ನಿಂತ ಮುಚ್ಚಿದ ಫಿಲ್ಟರಿನೊಳಗೆ ಬ್ಯಾಕ್ಟೀರಿಯಾಗಳು ಸತ್ತು ಕೊಳೆತ ನೀರು ತೊಟ್ಟಿಗೆ ಸೇರಿರಬಹುದು. ಫಿಲ್ಟರನ್ನು ತೊಳೆದು ನಂತರವೇ ಚಾಲನೆ ಮಾಡತಕ್ಕದ್ದು.

6. ಒಂದೇ ಮೀನು, ಹರಿದ ರೆಕ್ಕೆಯೊಂದಿಗೆ ಸತ್ತಿದ್ದಲ್ಲಿ: ಸಿಕ್ಲಿಡ್‌ಗಳು ಜಾಗಕ್ಕಾಗಿ ಕಾದಾಡುವ ಮೀನುಗಳಾಗಿದ್ದು, ಬಲವಾದ ಮೀನಿನ ದಾಳಿ ಕಾರಣವಾಗಿರಬಹುದು.

7. ಮೇವು ಬಿಟ್ಟು, ಹೊಟ್ಟೆ ಉಬ್ಬಿ, ಬಿಳಿ ದಾರದಂತಹ ಮಲ ಕಂಡಲ್ಲಿ: ಜೀರ್ಣಾಂಗದ ರೋಗ. ಈ ಸಂದರ್ಭದಲ್ಲಿ ಮಾತ್ರ ತಜ್ಞರ ಸಲಹೆಯ ಮೇರೆಗೆ ಔಷಧಿಯ ವಿಚಾರ ಮಾಡಬಹುದು.

ತಕ್ಷಣ ಕೈಗೊಳ್ಳಬೇಕಾದ ಕ್ರಮಗಳು

• ಸತ್ತ ಮೀನುಗಳನ್ನು ಹೊರತೆಗೆದು, ಗಾಳಿಯ ಪಂಪನ್ನು ನಿರಂತರ ನಡೆಸುವುದು. ಎರಡು ದಿನ ಮೇವು ನಿಲ್ಲಿಸುವುದು.

• ತೊಟ್ಟಿಯ ನೀರು ಮತ್ತು ಹಾಕಬೇಕಾದ ಹೊಸ ನೀರು, ಎರಡರ ರಸಸಾರವನ್ನೂ, ತೊಟ್ಟಿಯ ಅಮೋನಿಯಾ ಮತ್ತು ನೈಟ್ರೈಟ್ ಪ್ರಮಾಣವನ್ನೂ ಪರೀಕ್ಷಾ ಕಿಟ್‌ನಿಂದ ಅಳೆಯುವುದು.

• ಎರಡೂ ನೀರಿನ ರಸಸಾರ ಹಾಗೂ ಉಷ್ಣಾಂಶ ಸಮೀಪವಾಗಿದ್ದಲ್ಲಿ ನಾಲ್ಕನೇ ಒಂದು ಭಾಗ ನೀರನ್ನು ಬದಲಿಸುವುದು. ತೊಟ್ಟಿಯ ರಸಸಾರ ಬಹಳ ಕಡಿಮೆ ಇದ್ದಲ್ಲಿ ದಿನಕ್ಕೆ ಹತ್ತನೇ ಒಂದು ಭಾಗ ಮೀರದಂತೆ, ಅದೇ ಗುಣದ ನೀರಿನಿಂದ ಮೊದಲು ಅಮೋನಿಯಾ ತಗ್ಗಿಸಿ, ಅನಂತರ ಹಂತ ಹಂತವಾಗಿ ರಸಸಾರ ಏರಿಸುವುದು.

• ನಲ್ಲಿ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ 24 ಗಂಟೆ ಗಾಳಿಯಾಡಿಸಿ ಬಳಸುವುದು ಅಥವಾ ಸೋಡಿಯಂ ಥಯೋಸಲ್ಫೇಟ್ ಇರುವ ಕ್ಲೋರಿನ್ ನಿವಾರಕ ಬಳಸುವುದು.

• ಫಿಲ್ಟರಿನ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಿ ತೊಳೆಯುವುದು. ನಲ್ಲಿ ನೀರಿನ ಕ್ಲೋರಿನ್ ಹಾಗೂ ಅನಗತ್ಯ ಆಂಟಿಬಯೋಟಿಕ್ ಔಷಧಿಗಳು ಉಪಯುಕ್ತ ಬ್ಯಾಕ್ಟೀರಿಯಾಗಳನ್ನೂ ನಾಶಪಡಿಸುತ್ತವೆ.

ಸಲಹೆ ಕೋರುವವರು ಸಿದ್ಧಪಡಿಸಿಕೊಳ್ಳಬೇಕಾದ ವಿವರಗಳು

ಮೀನುಗಾರಿಕೆ ಇಲಾಖೆಯ ಕಚೇರಿ ಅಥವಾ ತಜ್ಞರಲ್ಲಿ ಸಲಹೆ ಕೋರುವಾಗ ಈ ಕೆಳಗಿನ ವಿವರಗಳಿದ್ದಲ್ಲಿ ಕಾರಣ ಪತ್ತೆ ಸುಲಭವಾಗುತ್ತದೆ:

ಅ) ತೊಟ್ಟಿಯ ಅಳತೆ, ಅದನ್ನು ಆರಂಭಿಸಿದ ದಿನಾಂಕ, ಮೀನುಗಳ ಜಾತಿ ಮತ್ತು ಸಂಖ್ಯೆ.
ಆ) ನೀರಿನ ಮೂಲ, ಕೊನೆಯ ಬಾರಿ ನೀರು ಬದಲಿಸಿದ ದಿನ ಹಾಗೂ ಪ್ರಮಾಣ.
ಇ) ಮೊದಲ ಸಾವು ಕಂಡ ದಿನ, ವೇಳೆ ಹಾಗೂ ಹಿಂದಿನ ದಿನ ನಡೆದ ಬದಲಾವಣೆಗಳು.
ಈ) ತೊಟ್ಟಿಯ ನೀರು ಮತ್ತು ಮೂಲದ ನೀರಿನ ಮಾದರಿಗಳು, ಪ್ರತ್ಯೇಕ ಶುಚಿಯಾದ ಬಾಟಲಿಗಳಲ್ಲಿ ಅಂಚಿನವರೆಗೆ ತುಂಬಿ.
ಉ) ಸಾಧ್ಯವಿದ್ದಲ್ಲಿ ಜೀವವಿರುವ ಅಸ್ವಸ್ಥ ಮೀನು. ಸತ್ತ ಮೀನು ಬೇಗ ಕೊಳೆಯುವುದರಿಂದ ಅದನ್ನು ಮಂಜುಗಡ್ಡೆಯ ಮೇಲಿರಿಸಿ ಅದೇ ದಿನ ತಲುಪಿಸಬೇಕು.

ವಿಶೇಷ ಸೂಚನೆ

ಸತ್ತ ಮೀನುಗಳನ್ನು ಮಣ್ಣಿನಲ್ಲಿ ಹೂಳತಕ್ಕದ್ದು. ಸಾಕಲಾಗದ ಮೀನುಗಳನ್ನು ಮಾಲವಿ ಜಲಾಶಯ, ತುಂಗಭದ್ರಾ ನದಿ ಅಥವಾ ಊರಿನ ಕೆರೆಗಳಿಗೆ ಯಾವುದೇ ಕಾರಣಕ್ಕೂ ಬಿಡಬಾರದು. 1952ರಲ್ಲಿ ಭಾರತಕ್ಕೆ ತರಲಾದ ತಿಲಾಪಿಯಾ, ಅಂದರೆ ಜಿಲೇಬಿ ಮೀನು, ಸಹ ಸಿಕ್ಲಿಡ್ ಕುಟುಂಬದ್ದೇ ಆಗಿದ್ದು, ಕೆರೆ ಜಲಾಶಯಗಳಲ್ಲಿ ಹರಡಿ ಸ್ಥಳೀಯ ಮೀನುಗಳಿಗೆ ಪೈಪೋಟಿ ಒಡ್ಡಿದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯು 2024ರಲ್ಲಿ ರಾಮ್ಸಾರ್ ತಾಣವೆಂದು ಘೋಷಿತವಾಗಿದೆ. ಇಂತಹ ಜಲಮೂಲಗಳ ಮೀನು ಮತ್ತು ಹಕ್ಕಿಗಳ ರಕ್ಷಣೆ ಎಲ್ಲರ ಹೊಣೆ. ಬೇಡವಾದ ಮೀನುಗಳನ್ನು ಅಕ್ವೇರಿಯಂ ಮಾರಾಟಗಾರರಿಗೆ ಅಥವಾ ಸಾಕುವ ಅನುಭವವುಳ್ಳ ಇತರರಿಗೆ ಒಪ್ಪಿಸತಕ್ಕದ್ದು.