‘ಬೇಸೆಡ್’ ಅಲ್ಲ, ‘ಬೇಸ್ಡ್’!

ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಡೆಮೊ ಕೊಡುತ್ತಿದ್ದಾಗ ಕ್ಲೈಂಟ್ ಎರಡು ಸಲ ‘ಸಾರಿ?’ ಅಂದರು. ಪದವೇನೂ ಕಷ್ಟದ್ದಲ್ಲ: ‘ಕ್ಲೌಡ್-ಬೇಸ್ಡ್’. ಕಾಲ್ ಮುಗಿದ ಮೇಲೆ ಅವಳು, “ನಾನು ಓದಿದ್ದು ಕನ್ನಡ ಮೀಡಿಯಂ. ನನ್ನ ಇಂಗ್ಲಿಷ್ ಅಷ್ಟು ಕೆಟ್ಟದಾಗಿದ್ಯಾ, ನೀವೇ ಹೇಳಿ” ಅಂದಳು. ನಿಜ ಹೇಳಬೇಕೆಂದರೆ ಅವಳ ವ್ಯಾಕರಣ ನನ್ನದಕ್ಕಿಂತ ಚೆನ್ನಾಗಿದೆ. ‘ಬೇ-ಸೆಡ್’ ಎಂದು ಎರಡು ತುಂಡು ಮಾಡಿ, ಎಲ್ಲ ತುಂಡಿಗೂ ಒಂದೇ ಒತ್ತು ಕೊಟ್ಟಿದ್ದಳು, ಅಷ್ಟೇ.

ಇದು ಕನ್ನಡದ ಅಭ್ಯಾಸ. ನಮಗೆ ‘ಬಲ’ ಬೇರೆ, ‘ಬಾಲ’ ಬೇರೆ. ಹ್ರಸ್ವ-ದೀರ್ಘ ಸರಿಯಿದ್ದರೆ ಸಾಕು, ಯಾವ ಅಕ್ಷರವನ್ನು ಒತ್ತಿ ಹೇಳಿದರೂ ಅರ್ಥ ಬದಲಾಗಲ್ಲ. ಇಂಗ್ಲಿಷ್ ಕಿವಿ ಮಾತ್ರ ಒತ್ತು ಎಲ್ಲಿ ಬಿತ್ತು ಅಂತ ಹುಡುಕುತ್ತದೆ. ಅದಕ್ಕಾಗಿ ಅಮೆರಿಕನ್ ಆಕ್ಸೆಂಟ್ ಹಾಕಬೇಕಿಲ್ಲ, ದಯವಿಟ್ಟು ಹಾಕಲೂಬೇಡಿ.

ಮೊದಲು ತುಂಡುಗಳ ಲೆಕ್ಕ. ಕೊನೆಯ ‘ಇ-ಡಿ’ಗೆ ಮುಂಚೆ ‘ಟ್’ ಅಥವಾ ‘ಡ್’ ಸದ್ದಿದ್ದರೆ ಅದು ಬೇರೆ ತುಂಡು. ಹಾಗಾಗಿ ‘ಹಾರ್ಡ್-ಕೋಡೆಡ್’ಗೆ ಮೂರು, ‘ಓಪನ್-ಮೈಂಡೆಡ್’ಗೆ ನಾಲ್ಕು. ಇಲ್ಲದಿದ್ದರೆ ಹಿಂದಿನದಕ್ಕೇ ಅಂಟಿಕೊಳ್ಳುತ್ತದೆ: ‘ಕ್ಲೌಡ್-ಬೇಸ್ಡ್’ಗೆ ಎರಡೇ, ‘ಓಲ್ಡ್-ಫ್ಯಾಶನ್ಡ್’ಗೆ ಮೂರೇ. ‘ವಿಕೆಡ್’, ‘ನೇಕೆಡ್’ನಂಥ ಹಳೇ ಪದಗಳು ಇದಕ್ಕೆ ಬಗ್ಗುವುದಿಲ್ಲ, ಅವನ್ನು ಹಾಗೇ ಕಲಿಯಬೇಕು.

ಇನ್ನು ಒತ್ತು. ‘ಕ್ಲೌಡ್-ಬೇಸ್ಡ್’ನಲ್ಲಿ ಅದು ‘ಕ್ಲೌಡ್’ ಮೇಲೆ. ಮಜಾ ಇರುವುದು ‘ವೆಲ್-ನೋನ್’ನಲ್ಲಿ. ‘ದಿಸ್ ಬಗ್ ಈಸ್ ವೆಲ್-ನೋನ್’ ಅನ್ನುವಾಗ ಜೋರು ಪೆಟ್ಟು ‘ನೋನ್’ ಮೇಲೆ. ಅದೇ ‘ಎ ವೆಲ್-ನೋನ್ ಬಗ್’ ಅಂದರೆ ಪೆಟ್ಟು ಹಿಂದೆ ಸರಿದು ‘ವೆಲ್’ ಮೇಲೆ ಕೂರುತ್ತದೆ. ಯಾಕೆ? ಮುಂದಿನ ‘ಬಗ್’ಗೂ ಪೆಟ್ಟು ಬೀಳಬೇಕು; ಎರಡು ಜೋರು ಪೆಟ್ಟು ಅಕ್ಕಪಕ್ಕ ಬರುವುದು ಇಂಗ್ಲಿಷ್ ಲಯಕ್ಕೆ ಒಗ್ಗಲ್ಲ. ‘ಬಿಲ್ಟ್-ಇನ್ ಫಂಕ್ಷನ್’ನಲ್ಲೂ ಹೀಗೇ, ‘ಬಿಲ್ಟ್’ ಜೋರು. ಸಂಖ್ಯೆಗಳೂ ಇದೇ ಆಟ ಆಡುತ್ತವೆ: ಒಂಟಿಯಾಗಿ ‘ಥರ್ಟೀನ್’ ಅಂದರೆ ‘ಟೀನ್’ ಜೋರು, ‘ಥರ್ಟೀನ್ ಡೇಸ್’ ಅಂದರೆ ‘ಥರ್’ ಜೋರು.

ಫೋನಿನ ಡಿಕ್ಷನರಿಯಲ್ಲೇ ಇದನ್ನು ನೋಡಬಹುದು. ಉಚ್ಚಾರಣೆಯ ಸಾಲಿನಲ್ಲಿ ಮೇಲ್ಗಡೆ ಇರುವ ಪುಟ್ಟ ಗೀಟು ಮುಖ್ಯ ಒತ್ತು, ಕೆಳಗಡೆಯದು ಸಣ್ಣ ಒತ್ತು. ಗೀಟಿನ ನಂತರದ ತುಂಡನ್ನೇ ಒತ್ತಬೇಕು. ಜಾನ್ ವೆಲ್ಸ್ 1990ರಲ್ಲಿ ತಂದ ಲಾಂಗ್‌ಮನ್ ಉಚ್ಚಾರಣಾ ನಿಘಂಟಿನಲ್ಲಂತೂ, ಒತ್ತು ಜಾಗ ಬದಲಿಸುವ ಪದಗಳ ಪಕ್ಕದಲ್ಲಿ ಎಡಕ್ಕೆ ಮುಖ ಮಾಡಿದ ಪುಟ್ಟ ತ್ರಿಕೋನವೇ ಇರುತ್ತದೆ.