ಎಂಜಿನ್ ಬಿಸಿಯಾಗಿ ಹಬೆ ಬಂದರೆ ರೇಡಿಯೇಟರ್ ಮುಚ್ಚಳ ತೆಗೆದು ತಣ್ಣೀರು ಹಾಕಬೇಕೇ?

ಬೇಸಿಗೆ ಶುರುವಾದರೆ ವಾಟ್ಸಾಪ್ ಗುಂಪುಗಳಲ್ಲಿ ಕೆಲವು ಸಂದೇಶಗಳು ತಪ್ಪದೆ ತಿರುಗುತ್ತವೆ. "ಬಿಸಿಲಿಗೆ ಟ್ಯಾಂಕ್ ಫುಲ್ ಮಾಡಿಸಬೇಡಿ, ಸ್ಫೋಟವಾಗುತ್ತದೆ." "ಎಂಜಿನ್ ಬಿಸಿಯಾದರೆ ತಕ್ಷಣ ತಣ್ಣೀರು ಸುರಿಯಿರಿ." "ಕೂಲೆಂಟ್ ಎಂಬುದು ಬರೀ ದುಡ್ಡಿನ ದಂಡ, ಬೋರ್ ನೀರೇ ಸಾಕು." "ಥರ್ಮೋಸ್ಟಾಟ್ ತೆಗೆಸಿಬಿಡಿ, ಗಾಡಿ ಬಿಸಿಯಾಗುವುದೇ ಇಲ್ಲ." ಇವುಗಳಲ್ಲಿ ಒಂದು ಸುಮ್ಮನೆ ಹೆದರಿಸುತ್ತದೆ, ಎರಡು ನಿಧಾನವಾಗಿ ಎಂಜಿನ್ ಹಾಳು ಮಾಡುತ್ತವೆ. ಮತ್ತೊಂದನ್ನು ಅವಸರದಲ್ಲಿ ನಂಬಿದವರ ಮುಖ, ಕೈ ಸುಡುತ್ತವೆ. ಯಾವುದು ಯಾವುದು ಎಂದು ನೋಡೋಣ.

ರಾಯಚೂರು ಜಿಲ್ಲೆಯ ಮಲ್ಲಟದ ಕಡೆಯ ಒಂದು ರಸ್ತೆಯನ್ನು ಊಹಿಸಿಕೊಳ್ಳಿ. ಏಪ್ರಿಲ್ ತಿಂಗಳ ಮಧ್ಯಾಹ್ನ, 40 ಡಿಗ್ರಿ ದಾಟಿದ ಬಿಸಿಲು. ಭತ್ತದ ಚೀಲ ತುಂಬಿದ ಟ್ರಾಲಿ ಎಳೆಯುತ್ತಿರುವ ಟ್ರ್ಯಾಕ್ಟರ್ ಬಾನೆಟ್ ಸಂದಿಯಿಂದ ಬುಸ್ ಎಂದು ಹಬೆ ಬರುತ್ತದೆ. ಚಾಲಕ ಕೆಳಗಿಳಿದು, ಹೆಗಲ ಮೇಲಿನ ಟವೆಲ್ ಸುತ್ತಿ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕುತ್ತಾನೆ. ಅಲ್ಲೇ ನಿಲ್ಲಬೇಕು. ಏಕೆಂದರೆ ಆ ಮುಚ್ಚಳದ ಕೆಳಗಿರುವುದು ನಾವು ಒಲೆಯ ಮೇಲೆ ನೋಡುವ ಸಾಮಾನ್ಯ ಬಿಸಿನೀರಲ್ಲ.

ಎಂಜಿನ್‌ಗೆ ಇಷ್ಟು ಶಾಖ ಎಲ್ಲಿಂದ ಬರುತ್ತದೆ?

ನೀವು ಹಾಕಿಸುವ ಡೀಸೆಲ್ ಅಥವಾ ಪೆಟ್ರೋಲ್‌ನ ಶಕ್ತಿಯೆಲ್ಲ ಗಾಲಿಗೆ ಹೋಗುವುದಿಲ್ಲ. ಸ್ಥೂಲವಾಗಿ ಹೇಳುವುದಾದರೆ ಮೂರರಲ್ಲಿ ಒಂದು ಪಾಲು ಮಾತ್ರ ಕೆಲಸಕ್ಕೆ ಬರುತ್ತದೆ. ಇನ್ನೊಂದು ಪಾಲು ಸೈಲೆನ್ಸರ್ ಮೂಲಕ ಬಿಸಿ ಹೊಗೆಯಾಗಿ ಹೊರಬೀಳುತ್ತದೆ. ಉಳಿದ ಪಾಲು ಎಂಜಿನ್ನಿನ ಲೋಹಕ್ಕೆ ಇಳಿಯುತ್ತದೆ. ಸಿಲಿಂಡರ್ ಒಳಗೆ ಇಂಧನ ಉರಿಯುವ ಕ್ಷಣದಲ್ಲಿ ಅನಿಲದ ಶಾಖ 2000 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಹೋಗುತ್ತದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ಹೀಗಿದ್ದೂ ಅಲ್ಯೂಮಿನಿಯಂ ಪಿಸ್ಟನ್ ಕರಗದೆ ಓಡುತ್ತಿರುವುದಕ್ಕೆ ಮುಖ್ಯ ಕಾರಣ, ಒಳಗೆ ಇಳಿದ ಶಾಖವನ್ನು ಬಿಡದೆ ಹೊರಗೆ ಸಾಗಿಸುತ್ತಿರುವ ಕೂಲಿಂಗ್ ವ್ಯವಸ್ಥೆ.

ಇದು ಗಾಡಿಗಳಿಗೆ ಮಾತ್ರ ಸೇರಿದ ಮಾತಲ್ಲ. ನಮ್ಮದೇ ಜಿಲ್ಲೆಯ ಶಕ್ತಿನಗರದ 1720 ಮೆಗಾವ್ಯಾಟ್ ಶಾಖೋತ್ಪನ್ನ ವಿದ್ಯುತ್ ಕೇಂದ್ರ ಕೃಷ್ಣಾ ನದಿಯ ದಡದಲ್ಲೇ ಇರುವುದಕ್ಕೆ ಒಂದು ಕಾರಣ ಇದೇ. ಕಲ್ಲಿದ್ದಲು ಉರಿಸಿ ಕರೆಂಟ್ ಮಾಡಿದರೂ ಉಳಿದ ಶಾಖವನ್ನು ಹೊರಹಾಕಲು ಅಪಾರ ನೀರು ಬೇಕು. ನಿಮ್ಮ ಟ್ರ್ಯಾಕ್ಟರ್‌ಗೆ ರೇಡಿಯೇಟರ್ ಇರುವುದೂ ಅದೇ ಕೆಲಸಕ್ಕೆ.

ರೇಡಿಯೇಟರ್ ಕೆಲಸ ಹೇಗೆ?

ಬಿಸಿ ಚಹಾವನ್ನು ಕಪ್ಪಿನಿಂದ ಬಸಿಗೆ ಸುರಿದು ಕುಡಿಯುವವರನ್ನು ನೀವು ನೋಡಿರುತ್ತೀರಿ. ಬಸಿಯಲ್ಲಿ ಚಹಾ ತೆಳ್ಳಗೆ ಹರಡುತ್ತದೆ, ಹೆಚ್ಚು ಗಾಳಿ ತಾಗುತ್ತದೆ, ಬೇಗ ಆರುತ್ತದೆ. ರೇಡಿಯೇಟರ್ ಕೂಡ ಹೀಗೇ ಹರವು ಹೆಚ್ಚಿಸುತ್ತದೆ. ವಾಟರ್ ಪಂಪ್ ನೀರನ್ನು ಎಂಜಿನ್ ಸುತ್ತಲಿನ ಸಂದುಗಳಲ್ಲಿ ಓಡಿಸುತ್ತದೆ. ಅಲ್ಲಿ ಬಿಸಿಯಾದ ನೀರು ರೇಡಿಯೇಟರ್‌ನ ಹತ್ತಾರು ಸಣ್ಣ ಕೊಳವೆಗಳಲ್ಲಿ ಹಂಚಿಹೋಗುತ್ತದೆ. ಕೊಳವೆಗಳಿಗೆ ಅಂಟಿದ ತೆಳು ತಗಡಿನ ಮಡಿಕೆಗಳ ನಡುವೆ ಫ್ಯಾನ್ ಗಾಳಿ ಎಳೆಯುತ್ತದೆ. ನೀರು ಆರಿ ಮತ್ತೆ ಎಂಜಿನ್ನಿಗೆ ಹೋಗುತ್ತದೆ.

ಒಂದು ವ್ಯತ್ಯಾಸ ನೆನಪಿಡಿ. ಮಣ್ಣಿನ ಕೊಡದ ನೀರು ತಂಪಾಗುವುದು ಆವಿಯಾಗುವುದರಿಂದ, ಹಾಗಾಗಿ ಕೊಡದ ನೀರು ಕಡಿಮೆಯಾಗುತ್ತಾ ಹೋಗುತ್ತದೆ. ರೇಡಿಯೇಟರ್ ಮುಚ್ಚಿದ ವ್ಯವಸ್ಥೆ, ಅಲ್ಲಿ ನೀರು ಖರ್ಚಾಗಬಾರದು. ವಾರಕ್ಕೊಮ್ಮೆ ನೀರು ಹಾಕಲೇಬೇಕಾಗುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ನೀರಿನ ದಾರಿಯಲ್ಲಿ ಥರ್ಮೋಸ್ಟಾಟ್ ಎಂಬ ಸಣ್ಣ ಬಾಗಿಲಿದೆ. ಅದರೊಳಗಿನ ಮೇಣ ಸುಮಾರು 80ರಿಂದ 90 ಡಿಗ್ರಿಯಲ್ಲಿ ಕರಗಿ ಹಿಗ್ಗಿದಾಗ ಬಾಗಿಲು ತೆರೆದು ನೀರು ರೇಡಿಯೇಟರ್‌ಗೆ ಹೋಗುತ್ತದೆ. ಅಲ್ಲಿಯವರೆಗೆ ಎಂಜಿನ್ ಬೇಗ ಬಿಸಿಯಾಗಲು ಬಿಡುತ್ತದೆ. ಹೌದು, ಎಂಜಿನ್ ತಣ್ಣಗಿರುವುದೂ ಒಳ್ಳೆಯದಲ್ಲ.

ಬೈಕ್‌ಗಳ ಲೆಕ್ಕ ಬೇರೆ. ಹೆಚ್ಚಿನವುಗಳಲ್ಲಿ ನೀರಿಲ್ಲ. ಎಂಜಿನ್ ಮೇಲಿನ ಲೋಹದ ಮಡಿಕೆಗಳು ಮತ್ತು ಒಳಗಿನ ಆಯಿಲ್ ಶಾಖ ಹೊರಹಾಕುತ್ತವೆ. ಮಡಿಕೆಗಳಿಗೆ ಕೆಸರು ಮೆತ್ತಿದರೆ, ಆಯಿಲ್ ಕಡಿಮೆಯಾದರೆ ಬೈಕ್ ಬಿಸಿಯಾಗುತ್ತದೆ.

ಬಿಸಿಲಿನದೇ ತಪ್ಪೇ?

ಪೂರ್ತಿ ಅಲ್ಲ. ರೇಡಿಯೇಟರ್ ಎಷ್ಟು ಶಾಖ ಬಿಡುತ್ತದೆ ಎಂಬುದು ಒಳಗಿನ ನೀರಿಗೂ ಹೊರಗಿನ ಗಾಳಿಗೂ ಇರುವ ಅಂತರದ ಮೇಲೆ ನಿಂತಿದೆ. ನೀರು 90 ಡಿಗ್ರಿ, ಗಾಳಿ 20 ಡಿಗ್ರಿ ಇದ್ದರೆ ಅಂತರ 70. ಅದೇ ಗಾಳಿ 43 ಡಿಗ್ರಿ ಆದರೆ ಅಂತರ 47. ಅಂದರೆ ಅದೇ ರೇಡಿಯೇಟರ್‌ನ ಶಕ್ತಿ ಸುಮಾರು ಮೂರನೇ ಒಂದು ಭಾಗ ಕುಗ್ಗಿತು. ಗಾಡಿ ತಯಾರಿಸುವವರು ಇದನ್ನು ಲೆಕ್ಕ ಹಾಕಿಯೇ ರೇಡಿಯೇಟರ್ ಕೂರಿಸಿರುತ್ತಾರೆ. ಹಾಗಾಗಿ ಎಲ್ಲ ಸರಿಯಿರುವ ಗಾಡಿ ರಾಯಚೂರಿನ ಬಿಸಿಲಲ್ಲೂ ಓಡುತ್ತದೆ. ಆದರೆ ಚಳಿಗಾಲದಲ್ಲಿ ಮುಚ್ಚಿಹೋಗಿದ್ದ ಸಣ್ಣ ದೋಷ ಬೇಸಿಗೆಯಲ್ಲಿ ಬಯಲಾಗುತ್ತದೆ.

ನಮ್ಮ ಭಾಗದಲ್ಲಿ ಆ ದೋಷಗಳು ಹೆಚ್ಚಾಗಿ ಇವು:

1. ಹೊಟ್ಟು ಮತ್ತು ದೂಳು. ಭತ್ತದ ಕೊಯ್ಲು, ಜೋಳ, ತೊಗರಿಯ ರಾಶಿ ನಡೆಯುವಾಗ ಫ್ಯಾನ್ ಗಾಳಿಯ ಜೊತೆ ಹೊಟ್ಟನ್ನೂ ಎಳೆಯುತ್ತದೆ. ಹತ್ತಿಯ ಎಳೆಗಳೂ ಜಾಲರಿಗೆ ಕಂಬಳಿಯಂತೆ ಹೊದಿಕೊಳ್ಳುತ್ತವೆ. ನೀರು ತುಂಬಿದ್ದರೂ ಗಾಳಿಯೇ ಹಾಯದಿದ್ದರೆ ಏನು ಪ್ರಯೋಜನ?

2. ನೀರಿನ ಗಡಸು. ಬೋರ್ ನೀರು ಕಾಯಿಸುವ ಹಂಡೆಯೊಳಗೆ ಬಿಳಿ ಪದರ ಕಟ್ಟುವುದನ್ನು ನೋಡಿದ್ದೀರಲ್ಲ, ಅದೇ ಪದರ ಎಂಜಿನ್ ಸಂದುಗಳಲ್ಲೂ ಕಟ್ಟುತ್ತದೆ. ಕಬ್ಬಿಣಕ್ಕಿಂತ ಅದು ಶಾಖವನ್ನು ಹಲವು ಪಟ್ಟು ಕಡಿಮೆ ಸಾಗಿಸುತ್ತದೆ. ಕಾಲುವೆ ನೀರು ಹಾಕಿದರೆ ಅದರಲ್ಲಿನ ಹೂಳು ಸಣ್ಣ ಕೊಳವೆಗಳಲ್ಲಿ ಕೂರುತ್ತದೆ.

3. ಸೋರಿಕೆ. ಬಿರುಕು ಬಿಟ್ಟ ಹೋಸ್ ಪೈಪ್, ಸಡಿಲ ಕ್ಲಿಪ್, ಸವೆದ ವಾಟರ್ ಪಂಪ್.

4. ಸಡಿಲ ಫ್ಯಾನ್ ಬೆಲ್ಟ್. ಬಹಳಷ್ಟು ಟ್ರ್ಯಾಕ್ಟರ್‌ಗಳಲ್ಲಿ ಫ್ಯಾನ್ ಮತ್ತು ಪಂಪ್ ಎರಡನ್ನೂ ಒಂದೇ ಬೆಲ್ಟ್ ತಿರುಗಿಸುತ್ತದೆ. ಕಾರುಗಳಲ್ಲಾದರೆ ಫ್ಯಾನಿನ ಮೋಟರ್, ಫ್ಯೂಸ್ ಕೆಡಬಹುದು.

5. ಅಳತೆ ಮೀರಿದ ಹೇರು. ಹೆಚ್ಚು ಭಾರ ಎಂದರೆ ಹೆಚ್ಚು ಡೀಸೆಲ್, ಹೆಚ್ಚು ಡೀಸೆಲ್ ಎಂದರೆ ಹೆಚ್ಚು ಶಾಖ. ಟ್ರ್ಯಾಕ್ಟರ್ ನಿಧಾನ ಹೋಗುವುದರಿಂದ ಎದುರು ಗಾಳಿಯ ಸಹಾಯವೂ ಇಲ್ಲ.

ಈಗ ಒಂದೊಂದೇ ಸಂದೇಶ

"ಬಿಸಿಯಾದರೆ ಮುಚ್ಚಳ ತೆಗೆದು ತಣ್ಣೀರು ಹಾಕಿ" — ತಪ್ಪು, ಅಪಾಯಕಾರಿ. ರೇಡಿಯೇಟರ್ ಮುಚ್ಚಳ ಕುಕ್ಕರ್ ಮುಚ್ಚಳದ ಹಾಗೆ ಒತ್ತಡ ಹಿಡಿದಿಡುತ್ತದೆ. ಒತ್ತಡ ಹೆಚ್ಚಿದರೆ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, 120 ಡಿಗ್ರಿಯವರೆಗೂ ನೀರಾಗಿಯೇ ಉಳಿಯಬಲ್ಲದು. ಮುಚ್ಚಳ ತೆಗೆದ ಕ್ಷಣ ಒತ್ತಡ ಬೀಳುತ್ತದೆ, ಒಳಗಿನ ನೀರಿನ ಒಂದು ಭಾಗ ತಟ್ಟನೆ ಹಬೆಯಾಗುತ್ತದೆ. ನೀರು ಹಬೆಯಾದರೆ ಸುಮಾರು 1600 ಪಟ್ಟು ಜಾಗ ಬೇಡುತ್ತದೆ. ಅದು ಕುದಿಯುವ ನೀರನ್ನೂ ಹೊತ್ತು ಮುಖಕ್ಕೆ ಚಿಮ್ಮುತ್ತದೆ. ಟವೆಲ್ ಅದನ್ನು ತಡೆಯುವುದಿಲ್ಲ. ವಿಷಲ್ ಇಳಿಯುವ ಮುಂಚೆ ಕುಕ್ಕರ್ ತೆಗೆಯಬಾರದು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ರೇಡಿಯೇಟರ್‌ಗೂ ಅದೇ ನಿಯಮ.

ಇನ್ನು ಕಾದ ಲೋಹಕ್ಕೆ ಒಮ್ಮೆಲೇ ತಣ್ಣೀರು ಬಿದ್ದರೆ ಒಂದು ಭಾಗ ಕುಗ್ಗುತ್ತದೆ, ಪಕ್ಕದ ಭಾಗ ಹಿಗ್ಗಿಯೇ ಇರುತ್ತದೆ. ಸಿಲಿಂಡರ್ ಹೆಡ್ ಬಾಗಬಹುದು, ಬಿರುಕು ಬಿಡಬಹುದು. ಆಗ ಪೈಪ್ ಬದಲಿಸಿದರೆ ಮುಗಿಯುತ್ತಿದ್ದ ಕೆಲಸ ಎಂಜಿನ್ ಬಿಚ್ಚುವವರೆಗೆ ಹೋಗುತ್ತದೆ.

"ಕೂಲೆಂಟ್ ಬೇಡ, ನೀರೇ ಸಾಕು" — ಅರ್ಧ ಸತ್ಯ. ಶಾಖ ಹೊರುವುದರಲ್ಲಿ ಬರೀ ನೀರು ಕೂಲೆಂಟ್ ಮಿಶ್ರಣಕ್ಕಿಂತ ಮೇಲೇ. ಆದರೆ ನೀರು ಬೇಗ ಕುದಿಯುತ್ತದೆ, ತುಕ್ಕು ಹಿಡಿಸುತ್ತದೆ, ಗಡಸು ನೀರಾದರೆ ಪದರ ಕಟ್ಟುತ್ತದೆ. ಕೂಲೆಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ಕುದಿಯುವ ಮಟ್ಟ ಏರಿಸಿದರೆ, ಅದರ ಜೊತೆಗಿನ ರಾಸಾಯನಿಕಗಳು ತುಕ್ಕು ತಡೆಯುತ್ತವೆ. ನಮ್ಮೂರಲ್ಲಿ ಹಿಮ ಬೀಳುವುದಿಲ್ಲ, ನಮಗೇಕೆ ಕೂಲೆಂಟ್ ಎಂಬ ಪ್ರಶ್ನೆಗೆ ಉತ್ತರ ಇದು. ಹಾಗೆಂದು ಬರೀ ಕೂಲೆಂಟ್ ಸುರಿಯುವುದೂ ತಪ್ಪು. ಗಟ್ಟಿ ಕೂಲೆಂಟ್ ಆದರೆ ಕಂಪನಿ ಪುಸ್ತಕದಲ್ಲಿ ಹೇಳಿದ ಪ್ರಮಾಣದಲ್ಲಿ ಡಿಸ್ಟಿಲ್ಡ್ ವಾಟರ್ ಬೆರೆಸಬೇಕು. ಬೆರೆಸಿಯೇ ಬಂದಿದ್ದರೆ ನೇರವಾಗಿ ಹಾಕಬೇಕು. ದಾರಿಯಲ್ಲಿ ಸಿಕ್ಕಿಬಿದ್ದಾಗ ಶುದ್ಧ ಕುಡಿಯುವ ನೀರಿನ ಘಟಕದ ನೀರು ಬೋರ್ ನೀರಿಗಿಂತ ವಾಸಿ. ಊರು ಮುಟ್ಟಿದ ಮೇಲೆ ಅದನ್ನು ಬದಲಿಸಿ.

"ಥರ್ಮೋಸ್ಟಾಟ್ ತೆಗೆಸಿ" — ತಪ್ಪು. ಅದು ಕೆಟ್ಟು ಮುಚ್ಚಿಕೊಂಡಿದ್ದರೆ ಹೊಸದು ಹಾಕಿಸಬೇಕು, ತೆಗೆದು ಬಿಸಾಡಬಾರದು. ತೆಗೆದರೆ ಎಂಜಿನ್ ಸರಿಯಾದ ಶಾಖಕ್ಕೆ ಬರುವುದು ತಡವಾಗುತ್ತದೆ, ಡೀಸೆಲ್ ಹೆಚ್ಚು ತಿನ್ನುತ್ತದೆ, ಬೇಗ ಸವೆಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಇನ್ನೊಂದು ಅಡ್ಡದಾರಿಯನ್ನೂ ಮುಚ್ಚುತ್ತದೆ. ಅದನ್ನು ತೆಗೆದರೆ ಬಿಸಿನೀರು ರೇಡಿಯೇಟರ್ ತಪ್ಪಿಸಿ ಮತ್ತೆ ಎಂಜಿನ್ನಿಗೇ ಹೋಗಿ ಗಾಡಿ ಇನ್ನೂ ಬಿಸಿಯಾಗುತ್ತದೆ.

"ಬೇಸಿಗೆಯಲ್ಲಿ ಟ್ಯಾಂಕ್ ಫುಲ್ ಮಾಡಿಸಿದರೆ ಸ್ಫೋಟ" — ಸುಳ್ಳು. ಈ ಸಂದೇಶ ಇಂಡಿಯನ್ ಆಯಿಲ್ ಹೆಸರಿನಲ್ಲಿ ಹರಿದಾಡಿತ್ತು. ಕಂಪನಿ ಸೂಚಿಸಿದ ಮಿತಿಯವರೆಗೆ ಬೇಸಿಗೆಯಲ್ಲೂ ಚಳಿಗಾಲದಲ್ಲೂ ತುಂಬಿಸಬಹುದು ಎಂದು ಆ ಸಂಸ್ಥೆಯೇ ಸ್ಪಷ್ಟಪಡಿಸಿದೆ. ಕಿಡಿ ಇಲ್ಲದೆ ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳಲು ಸುಮಾರು 250 ಡಿಗ್ರಿಯಾದರೂ ಬೇಕು, ಬಿಸಿಲು ಅಷ್ಟಾಗುವುದಿಲ್ಲ. ಪೆಟ್ರೋಲ್ ಹಿಗ್ಗುವುದು ನಿಜ, ಆದರೆ 20 ಡಿಗ್ರಿ ಏರಿದರೆ 10 ಲೀಟರ್‌ಗೆ ಸುಮಾರು 200 ಮಿಲಿಲೀಟರ್ ಅಷ್ಟೇ. ಪಂಪ್ ತಾನಾಗಿ ನಿಂತ ಮೇಲೆ ಮತ್ತೆ ಬಾಯಿಮಟ್ಟ ತುಂಬಿಸಬೇಡಿ, ಸಾಕು.

ಹಾಗಾದರೆ ಏನು ಮಾಡಬೇಕು?

ಮೀಟರ್ ಮುಳ್ಳು ಮೇಲೇರುತ್ತಿದೆ, ಹಬೆ ಇನ್ನೂ ಇಲ್ಲ ಎಂದಾದರೆ ಭಾರ ಕಡಿಮೆ ಮಾಡಿ, ಎಸಿ ಆರಿಸಿ. ಕಾರಿನಲ್ಲಿ ಹೀಟರ್ ಹಾಕಿ, ಸೆಖೆ ಆದರೂ ತಡೆದುಕೊಳ್ಳಿ. ಹೀಟರ್ ಒಳಗಿರುವುದೂ ಒಂದು ಪುಟ್ಟ ರೇಡಿಯೇಟರೇ. ಟ್ರ್ಯಾಕ್ಟರ್ ಆದರೆ ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಸ್ವಲ್ಪ ಹೊತ್ತು ನಿಧಾನ ಓಡಲು ಬಿಡಿ, ಫ್ಯಾನ್ ಶಾಖ ಎಳೆಯುತ್ತದೆ.

ಹಬೆ ಬಂದರೆ, ಮುಳ್ಳು ಕೆಂಪು ಗೆರೆ ಮುಟ್ಟಿದರೆ ಅಥವಾ ಬೆಲ್ಟ್ ಕಡಿದಿದ್ದರೆ ಎಂಜಿನ್ ಬಂದ್ ಮಾಡಿ. "ಇನ್ನು ಎರಡೇ ಕಿಲೋಮೀಟರ್, ಊರು ಮುಟ್ಟಿಬಿಡೋಣ" ಎನ್ನುವುದರಲ್ಲೇ ಎಂಜಿನ್‌ಗಳು ಸೀಜ್ ಆಗುವುದು. ಮುಳ್ಳು ಥಟ್ಟನೆ ಕೆಳಗಿಳಿದರೂ ನಂಬಬೇಡಿ. ನೀರೆಲ್ಲ ಖಾಲಿಯಾಗಿದ್ದರೆ ಸೆನ್ಸರ್‌ಗೆ ನೀರು ತಾಗದೆ ಸುಳ್ಳು ಹೇಳಬಹುದು.

ಕನಿಷ್ಠ ಅರ್ಧ ಗಂಟೆ ಕಾಯಿರಿ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಮೇಲಿನ ಹೋಸ್ ಪೈಪ್ ಹಿಸುಕಿ ನೋಡುವಷ್ಟು ತಣ್ಣಗಾಗಿ, ಮೆತ್ತಗಾದ ಮೇಲೆ ಮುಖ ದೂರವಿಟ್ಟು, ದಪ್ಪ ಬಟ್ಟೆ ಹಿಡಿದು ಮುಚ್ಚಳವನ್ನು ನಿಧಾನ ತಿರುಗಿಸಿ. ಬುಸ್ ಎಂದರೆ ಮತ್ತೆ ಮುಚ್ಚಿ ಕಾಯಿರಿ. ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಆಯಿಲ್ ಕಡ್ಡಿಯಲ್ಲಿ ಹಾಲು ಬೆರೆತ ಚಹಾದ ಬಣ್ಣ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಗಿ ನೀರು, ಆಯಿಲ್ ಬೆರೆತಿರಬಹುದು. ಆಗ ಗಾಡಿ ಚಾಲೂ ಮಾಡದೆ ಎಳೆಸಿಕೊಂಡು ಹೋಗಿ.

ಯಾರಿಗಾದರೂ ಹಬೆ ತಾಗಿ ಸುಟ್ಟರೆ ಆ ಜಾಗದ ಮೇಲೆ 20 ನಿಮಿಷ ತಣ್ಣನೆಯ ನೀರು ಹರಿಯಲು ಬಿಡಿ. ಉಂಗುರ, ವಾಚು ತೆಗೆಯಿರಿ. ಟೂತ್‌ಪೇಸ್ಟ್, ಇಂಕು, ಅರಿಶಿನ, ಐಸ್ ಯಾವುದೂ ಬೇಡ. ಶುಭ್ರ ಬಟ್ಟೆ ಹೊದಿಸಿ. ಮುಖ, ಕಣ್ಣು ಸುಟ್ಟಿದ್ದರೆ ಅಥವಾ ಗಾಯ ದೊಡ್ಡದಿದ್ದರೆ 108ಕ್ಕೆ ಕರೆ ಮಾಡಿ.

ಇನ್ನೊಂದು ಮಾತು ಮನೆಯವರಿಗೆ. ಕೂಲೆಂಟ್ ರುಚಿಗೆ ಸಿಹಿ, ಆದರೆ ಕಿಡ್ನಿ ಕೆಡಿಸುವ ವಿಷ. ಉಳಿದದ್ದನ್ನು ನೀರಿನ ಅಥವಾ ತಂಪು ಪಾನೀಯದ ಬಾಟಲಿಯಲ್ಲಿ ಇಡಬೇಡಿ. ಬಸಿದ ಕೂಲೆಂಟನ್ನು ದನ, ನಾಯಿ ನೆಕ್ಕುವಂತೆ ಅಂಗಳದಲ್ಲಿ ಚೆಲ್ಲಬೇಡಿ. ಮಗು ಕುಡಿದಿದೆ ಎಂಬ ಅನುಮಾನ ಬಂದರೂ ಲಕ್ಷಣಕ್ಕೆ ಕಾಯದೆ ಆಸ್ಪತ್ರೆಗೆ ಓಡಿ.

ರಾಶಿಯ ಕಾಲಕ್ಕೆ ಮುಂಚೆ

ರೇಡಿಯೇಟರ್ ಜಾಲರಿಯನ್ನು ದಿನಾ ಸ್ವಚ್ಛ ಮಾಡಿ. ಗಾಳಿಯನ್ನು ಎಂಜಿನ್ ಕಡೆಯಿಂದ ಹೊರಕ್ಕೆ ಊದಿ, ಮುಂದಿನಿಂದ ಊದಿದರೆ ಹೊಟ್ಟು ಇನ್ನೂ ಒಳಗೆ ಸೇರುತ್ತದೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ನೀರಿನ ಮಟ್ಟ ನೋಡಿ. ಬೆಲ್ಟ್, ಪೈಪ್, ಮುಚ್ಚಳದ ರಬ್ಬರ್ ಪರೀಕ್ಷಿಸಿ. ಇವು ಹತ್ತು ನಿಮಿಷದ ಕೆಲಸ.

ನಮ್ಮ ತೀರ್ಮಾನ: ಬಿಸಿ ಎಂಜಿನ್‌ನ ಮುಚ್ಚಳ ತೆಗೆದು ತಣ್ಣೀರು ಸುರಿಯಿರಿ ಎಂಬ ಸಲಹೆ ತಪ್ಪು. ಬಂದ್ ಮಾಡಿ, ದೂರ ನಿಲ್ಲಿ, ಆರಲು ಬಿಡಿ. ನಿಮ್ಮ ಗುಂಪಿನಲ್ಲಿ ಟ್ರ್ಯಾಕ್ಟರ್, ಲಾರಿ, ಟಂಟಂ ಓಡಿಸುವವರು ಇದ್ದರೆ ಆ ಹಳೆಯ ಸಂದೇಶದ ಬದಲು ಇದನ್ನು ಕಳುಹಿಸಿ.