ಗುಂಪಿನಲ್ಲಿ ಕೇಳುವುದು ಏನು, ಕೇಳಬಾರದ್ದು ಏನು?

ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳದ ಕಡೆಯಿಂದ ದುಡಿಮೆಗೆಂದು ಬಂದು ವಾಸ್ಕೋ, ಜುವಾರಿನಗರ, ಮಾಪುಸಾ, ಪಣಜಿಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಅರಳಿಕಟ್ಟೆ ಊರಿನಲ್ಲಿಯೇ ಉಳಿಯಿತು. ಆ ಸ್ಥಾನವನ್ನು ಇಂದು ಮೊಬೈಲಿನ ವಾಟ್ಸ್‌ಆ್ಯಪ್ ಗುಂಪು ತುಂಬಿದೆ. ಶಾಲಾ ಪ್ರವೇಶ, ಜನನ ಪ್ರಮಾಣಪತ್ರ, ಬಾಡಿಗೆ ಮನೆಯ ತಕರಾರು, ಗಂಡ-ಹೆಂಡಿರ ವಿರಸ ಎಲ್ಲವೂ ಅಲ್ಲಿ ಪ್ರಶ್ನೆಗಳಾಗಿ ಬರುತ್ತವೆ. ಈ ಕೇಳಿಕೆಯನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಆದರೆ ಅದಕ್ಕೊಂದು ಎಲ್ಲೆ ಇರಬೇಕು.

ಮೊದಲು ಲಾಭದ ಮಾತು. ವರ್ಷದ ನಡುವೆ ಊರಿನಿಂದ ಮಗುವನ್ನು ಕರೆತಂದ ತಾಯಿಗೆ ‘ಟಿ.ಸಿ. ಇಲ್ಲದೆ ಸೇರಿಸಿಕೊಳ್ಳುವುದಿಲ್ಲ’ ಎಂಬ ಉತ್ತರ ದೊರೆತರೆ ಮಗುವಿನ ಒಂದು ವರ್ಷವೇ ಹಾಳಾಗಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮಿನ ಪ್ರಕಾರ, ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗವಾಗುವ ಮಗುವಿನ ಟಿ.ಸಿ. ತಡವಾಯಿತೆಂಬ ಕಾರಣಕ್ಕೆ ಪ್ರವೇಶವನ್ನು ನಿರಾಕರಿಸುವಂತಿಲ್ಲ, ಮುಂದೂಡುವಂತೆಯೂ ಇಲ್ಲ. ವಯಸ್ಸಿನ ದಾಖಲೆ ಇಲ್ಲವೆಂದು ಹಿಂದಕ್ಕೆ ಕಳುಹಿಸಬಾರದೆಂದು 14ನೇ ಕಲಮು ಹೇಳುತ್ತದೆ. ಈ ದಾರಿಯಲ್ಲಿ ನಡೆದು ಬಂದ ಇನ್ನೊಬ್ಬ ತಾಯಿ ಗುಂಪಿನಲ್ಲಿ ಎರಡು ಸಾಲು ಬರೆದರೆ ಸಾಕು, ಕೇಳಿದವಳಿಗೆ ಧೈರ್ಯ ಬರುತ್ತದೆ. ಹಾಗೆಯೇ, ಹೆರಿಗೆ ತವರಿನಲ್ಲಿ ಆಗಿದ್ದರೆ ಜನನ ನೋಂದಣಿ ಆಗುವುದು ಆ ಊರಿನಲ್ಲಿಯೇ. ಪ್ರಮಾಣಪತ್ರಕ್ಕಾಗಿ ಗೋವಾದ ಕಚೇರಿಗೆ ಅಲೆದು ಫಲವಿಲ್ಲ. ಇಂತಹ ತಿಳಿವಳಿಕೆ ಒಂದು ದಿನದ ಕೂಲಿಯನ್ನು ಉಳಿಸುತ್ತದೆ.

ಆದರೆ ಎಲ್ಲ ಪ್ರಶ್ನೆಗಳೂ ಈ ಜಾತಿಯವಲ್ಲ. ‘ಗೋವಾದಲ್ಲಿ ಗಂಡನ ಆಸ್ತಿಯಲ್ಲಿ ಹೆಂಡತಿಗೆ ಅರ್ಧ ಪಾಲು’ ಎಂಬ ಮಾತು ನಮ್ಮವರಲ್ಲಿ ಬಾಯಿಂದ ಬಾಯಿಗೆ ಹರಿದಾಡುತ್ತದೆ. ಪೋರ್ಚುಗೀಸರ ಕಾಲದ 1867ರ ಸಿವಿಲ್ ಸಂಹಿತೆಯ ಕೌಟುಂಬಿಕ ನಿಯಮಗಳು ಇಲ್ಲಿ ಉಳಿದುಬಂದಿರುವುದು ನಿಜ. ಗೋವಾದಲ್ಲಿ ಕಾಯಂ ನೆಲೆ ಹೊಂದಿದವರ ಆಸ್ತಿ ಗೋವಾದ ಹೊರಗಿದ್ದರೂ ಅದರ ಉತ್ತರಾಧಿಕಾರಕ್ಕೆ ಇಲ್ಲಿನ ಕಾನೂನೇ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ತೀರ್ಪಿತ್ತಿದೆ. ಆದ್ದರಿಂದ ಮೊದಲು ತೀರ್ಮಾನವಾಗಬೇಕಾದುದು ಆ ವ್ಯಕ್ತಿಯ ಕಾಯಂ ನೆಲೆ ಯಾವುದು ಎಂಬುದು. ಒಂದೇ ವಾಡೆಯ ಎರಡು ಮನೆಗಳಿಗೆ ಎರಡು ಉತ್ತರಗಳಿರಬಹುದು. ಪಕ್ಕದ ಮನೆಯವರಿಗೆ ಸಿಕ್ಕಿತೆಂದು ನಮಗೂ ಸಿಗುತ್ತದೆಂದು ನಂಬಿ ಸಹಿ ಹಾಕಿದರೆ ಮುಂದೆ ಪರಿಹಾರ ಕಷ್ಟ.

ಎರಡನೆಯದು ಗುಟ್ಟಿನ ಪ್ರಶ್ನೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದರು ಹಿರಿಯರು. ಕಕ್ಷಿದಾರರು ವಕೀಲರಲ್ಲಿ ಹೇಳಿಕೊಂಡ ಮಾತನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆಡಹದಂತೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮು ತಡೆಯುತ್ತದೆ. ಗುಂಪಿನಲ್ಲಿ ಬರೆದ ಮಾತಿಗೆ ಆ ರಕ್ಷಣೆಯಿಲ್ಲ. ಸಿಟ್ಟಿನಲ್ಲಿ ಬರೆದ ನಾಲ್ಕು ಸಾಲು ನಾಳೆ ವಿಚ್ಛೇದನದ ಮೊಕದ್ದಮೆಯಲ್ಲಿ ವಿದ್ಯುನ್ಮಾನ ದಾಖಲೆಯಾಗಿ ಎದುರು ನಿಲ್ಲಬಹುದು. ಮಗುವಿನ ಹೆಸರು, ಶಾಲೆ, ಕಾಯಿಲೆಯ ವಿವರ ಒಮ್ಮೆ ಹರಡಿದರೆ ಅದನ್ನು ಮರಳಿ ಕೂಡಿಹಾಕುವವರಾರು?

ಹೀಗಾಗಿ ಒಂದು ಸರಳ ಭೇದವನ್ನು ನೆನಪಿಡೋಣ. ‘ನೀವು ಹೇಗೆ ದಾಟಿದಿರಿ, ಯಾವ ಕಚೇರಿಗೆ ಹೋದಿರಿ’ ಎಂದು ಗುಂಪನ್ನು ಕೇಳಬಹುದು. ‘ನನ್ನ ಹಕ್ಕೇನು, ನಾನು ಸಹಿ ಹಾಕಲೇ’ ಎಂಬುದನ್ನು ಕಾನೂನು ಬಲ್ಲವರನ್ನೇ ಕೇಳಬೇಕು. ಹಣವಿಲ್ಲವೆಂದು ಹಿಂಜರಿಯಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು ಮತ್ತು ಕೈಗಾರಿಕಾ ಕಾರ್ಮಿಕರು ಉಚಿತ ಕಾನೂನು ನೆರವಿಗೆ ಅರ್ಹರು. ಅವರಿಗೆ ವರಮಾನದ ಮಿತಿಯಿಲ್ಲ. ಸಹಾಯವಾಣಿಯ ಸಂಖ್ಯೆ 15100. ಮುಂದಿನ ಸಲ ಗುಂಪಿನಲ್ಲಿ ಯಾರಾದರೂ ತಮ್ಮ ಮನೆಯ ಕಷ್ಟವನ್ನು ಹೆಸರು ಸಹಿತ ಬಿಚ್ಚಿಡತೊಡಗಿದರೆ, ಅವರಿಗೆ ಎಲ್ಲರೆದುರು ತೀರ್ಪು ಹೇಳುವ ಬದಲು ಆ ಐದು ಅಂಕಿಗಳನ್ನು ಖಾಸಗಿಯಾಗಿ ಕಳುಹಿಸಿರಿ. ನೆರೆಹೊರೆಯವರು ಮಾಡಬಹುದಾದ ದೊಡ್ಡ ಉಪಕಾರ ಅದೇ.